ಮೂಟೆಗೆ ಮೊದಲು, ಮನುಷ್ಯರಿಗೆ ಆಮೇಲೆ

ಸಾಗರ ಸೀಮೆಯ ಹಳೆಯ ಮನೆಗಳಲ್ಲಿ ಅಂಗಳದ ಮಟ್ಟಕ್ಕೇ ಬಾಗಿಲಿದ್ದ ಒಂದು ಮನೆಯನ್ನೂ ನಾನು ನೋಡಿಲ್ಲ. ಜೂನ್‌ನಲ್ಲಿ ಹಿಡಿದ ಮಳೆ ಸೆಪ್ಟೆಂಬರ್ ಕಳೆಯುವ ತನಕ ಅಂಗಳವನ್ನು ಒಣಗಲು ಬಿಡುವುದಿಲ್ಲ. ನೆಲಗಟ್ಟು ಎತ್ತರಿಸದಿದ್ದರೆ ಮಣ್ಣುಗೋಡೆಯ ಬುಡ ನೆನೆದು ಕುಸಿಯುತ್ತದೆ. ಹಾಗಾಗಿ ಜಗಲಿ ಎರಡು, ಎರಡೂವರೆ ಅಡಿ ಎತ್ತರ. ಅದಕ್ಕೆ ಮೂರೋ ಐದೋ ಕಲ್ಲಿನ ಮೆಟ್ಟಿಲು. ಸಂಖ್ಯೆ ಬೆಸವೇ ಆಗಬೇಕು. ಮೆಟ್ಟಿಲು ಮುಗಿದರೆ ಹೊಸ್ತಿಲು. ನಮ್ಮದು ತಲೆಮಾರುಗಳಿಂದ ಬಡಗಿ ಕೆಲಸದ ಮನೆ. ದಾರಂದ ನಿಲ್ಲಿಸುವ ದಿನ ಹೊಸ್ತಿಲಿಗೆ ಅರಿಶಿನ ಕುಂಕುಮ ಹಚ್ಚಿ, ಕಾಯಿ ಒಡೆದು, ಆಮೇಲೇ ಉಳಿ ಮುಟ್ಟುತ್ತಿದ್ದರು. ಮನೆ ಕಟ್ಟುವವರ ಬಳಿ ಎತ್ತರಕ್ಕೆ, ಅಗಲಕ್ಕೆ, ಆಯಕ್ಕೆ ಎಲ್ಲದಕ್ಕೂ ಲೆಕ್ಕವಿತ್ತು. ಕಾಲು ನಡೆಯದವರು ಈ ಎತ್ತರ ಹತ್ತುವುದಕ್ಕೆ ಮಾತ್ರ ಲೆಕ್ಕವಿರಲಿಲ್ಲ.

ಇಳಿಜಾರು ಹಲಗೆ ನಮಗೆ ಗೊತ್ತಿರಲಿಲ್ಲ ಎಂದಲ್ಲ. ಅಡಿಕೆ ಮಂಡಿಯ ಮುಂದೆ ಲಾರಿಗೆ ಮೂಟೆ ತುಂಬುವಾಗ ಹಮಾಲರು ದಪ್ಪ ಹಲಗೆಯೊಂದನ್ನು ಓರೆಯಾಗಿ ಇಟ್ಟುಕೊಂಡು, ಬೆನ್ನ ಮೇಲೆ ಮೂಟೆ ಹೊತ್ತು ಅದರ ಮೇಲೆ ನಡೆದು ಹತ್ತುತ್ತಿದ್ದರು. ಮರದ ಡಿಪೋದಲ್ಲಿ ದಿಮ್ಮಿಯನ್ನು ಲಾರಿಗೇರಿಸಲು ಎರಡು ಗಟ್ಟಿ ಕಂಬಗಳನ್ನು ಓರೆ ಕೊಟ್ಟು, ಹಗ್ಗ ಸುತ್ತಿ ಉರುಳಿಸುತ್ತಿದ್ದರು. ಲಿಂಗನಮಕ್ಕಿ ಜಲಾಶಯದ ಹಿನ್ನೀರು ಊರುಗಳನ್ನು ಎರಡು ದಡಕ್ಕೆ ಒಡೆದ ಮೇಲೆ ಸಿಗಂದೂರು ಕಡೆಗೆ ಲಾಂಚ್ ಓಡುತ್ತಿತ್ತಲ್ಲ, ಅದರ ಬಾಯಿಯೂ ದಡಕ್ಕೆ ಚಾಚುವ ಇಳಿಜಾರೇ. 2025ರ ಜುಲೈಯಲ್ಲಿ ಸೇತುವೆ ಆಗುವವರೆಗೆ ಕಾರು, ಬೈಕುಗಳು ಆ ಇಳಿಜಾರಿನ ಮೇಲೆಯೇ ಹತ್ತಿ ಇಳಿದವು. ನಮ್ಮ ಅಪ್ಪಯ್ಯ ಗಾಡಿಗೆ ಬಾಗಿಲು, ದಾರಂದಗಳನ್ನು ಏರಿಸಲೆಂದೇ ಎರಡು ಮತ್ತಿ ಮರದ ಹಲಗೆ ಇಟ್ಟುಕೊಂಡಿದ್ದರು. ಭಾರದ ವಸ್ತು ಯಾವುದಿದ್ದರೂ ಅದಕ್ಕೊಂದು ಹಲಗೆ ಸಿಗುತ್ತಿತ್ತು.

ಮನುಷ್ಯರನ್ನು ಮಾತ್ರ ಹೊತ್ತೇ ಸಾಗಿಸುತ್ತಿದ್ದರು. ಕಾಯಿಲೆಯವರನ್ನು ಕಂಬಳಿಯಲ್ಲಿ ಮಲಗಿಸಿ, ಬಿದಿರಿಗೆ ಜೋಲಿ ಕಟ್ಟಿ, ಗದ್ದೆ ಬದುವಿನ ಮೇಲೆ ರಸ್ತೆಯವರೆಗೆ ಒಯ್ಯುತ್ತಿದ್ದುದನ್ನು ನಮ್ಮ ಕಡೆಯ ಹಿರಿಯರೆಲ್ಲ ಕಂಡಿದ್ದಾರೆ. ಶ್ರವಣಬೆಳಗೊಳದ ವಿಂಧ್ಯಗಿರಿಗೆ ವಯಸ್ಸಾದ ಯಾತ್ರಿಕರು ಇವತ್ತಿಗೂ ಡೋಲಿಯಲ್ಲಿ ಏರುತ್ತಾರೆ. ಹೊರುವವರ ಹೆಗಲಿನ ಬಗ್ಗೆ ನನಗೆ ತುಂಬ ಗೌರವ. ಆದರೆ ಹೊರಿಸಿಕೊಳ್ಳುವವರು ಬೇರೆಯವರ ಬಿಡುವಿಗೆ ಕಾಯಬೇಕು. ಯಾವಾಗ ಹೊರಡಬೇಕು, ಎಲ್ಲಿ ನಿಲ್ಲಬೇಕು ಎನ್ನುವುದು ಅವರ ಕೈಯಲ್ಲಿರುವುದಿಲ್ಲ. ಇದು ನನಗೆ ತಿಳಿದದ್ದು ನನ್ನ ಅಕ್ಕನಿಂದ.

ಅಕ್ಕನಿಗೆ ಮೂರನೇ ವಯಸ್ಸಿನಲ್ಲಿ ಪೋಲಿಯೊ ಬಂತು. ಅದು 1950ರ ದಶಕ. ಲಸಿಕೆ ಆಗಷ್ಟೇ ಅಮೆರಿಕದಲ್ಲಿ ಬಂದಿತ್ತು, ನಮ್ಮ ಹಳ್ಳಿಗಳಿಗೆ ಬರಲು ಇನ್ನೂ ಬಹಳ ಕಾಲ ಬೇಕಿತ್ತು. ಎರಡೂ ಕಾಲು ಸೋತವು. ಅವಳು ಕೈಯೂರಿ ಮನೆಯೆಲ್ಲ ಓಡಾಡುತ್ತಿದ್ದಳು. ಅಪ್ಪಯ್ಯ ಹಲಸಿನ ಹಲಗೆಗೆ ನಾಲ್ಕು ಮರದ ಗಾಲಿ ಕೂರಿಸಿ ಕೊಟ್ಟಿದ್ದರು. ಅದರ ಮೇಲೆ ಕೂತು ಜಗಲಿಯ ತುದಿಯವರೆಗೆ ಬರುತ್ತಿದ್ದಳು. ಅವಳ ಊರು ಅಲ್ಲಿಗೆ ಮುಗಿಯುತ್ತಿತ್ತು. ಹೊಲಿಗೆ ಕಲಿತಳು, ಕೈ ಹೊಲಿಗೆ ಯಂತ್ರದಲ್ಲಿ ಊರಿನ ಅರ್ಧ ರವಿಕೆಗಳನ್ನು ಹೊಲಿದಳು. ದಾರ ಮಾತ್ರ ನಾವು ತಂದುಕೊಟ್ಟದ್ದೇ ಆಗಬೇಕಿತ್ತು.

1981ನ್ನು ವಿಶ್ವಸಂಸ್ಥೆ ಅಂಗವಿಕಲರ ಅಂತರರಾಷ್ಟ್ರೀಯ ವರ್ಷವೆಂದು ಸಾರಿತ್ತು. ಆ ವರ್ಷ ನಡೆದ ಒಂದು ಶಿಬಿರದಲ್ಲಿ ಅಕ್ಕನಿಗೆ ಗಾಲಿಕುರ್ಚಿ ಸಿಕ್ಕಿತು. ಮಡಚುವ, ಕಬ್ಬಿಣದ ಕೊಳವೆಯ ಕುರ್ಚಿ. ಅದನ್ನು ಜಗಲಿಯ ಮೇಲಿಟ್ಟೆವು. ಅಕ್ಕ ಅದರಲ್ಲಿ ಕೂತು ಆ ತುದಿಯಿಂದ ಈ ತುದಿಗೆ ಹೋದಳು, ಮೂರು ಮೆಟ್ಟಿಲನ್ನು ನೋಡಿದಳು. "ಅಪ್ಪಯ್ಯ, ನಿಮ್ಮ ಆ ಗಾಡಿ ಹಲಗೆ ಇಲ್ಲಿಗೆ ಹಾಕಿ ನೋಡಿ" ಅಂದವಳು ಅವಳೇ.

ಗಾಡಿ ಹಲಗೆ ಎಂಟಡಿ ಉದ್ದದ್ದು. ಎರಡಡಿ ಎತ್ತರಕ್ಕೆ ಇಟ್ಟರೆ ಹಿಂದಿನಿಂದ ಇಬ್ಬರು ನೂಕಬೇಕಾಗುತ್ತಿತ್ತು, ಇಳಿಯುವಾಗ ಇಬ್ಬರು ಹಿಡಿಯಬೇಕಾಗುತ್ತಿತ್ತು. ಮೂಟೆಗೆ ಅಷ್ಟು ಸಾಕು. ಅಪ್ಪಯ್ಯ ಅದನ್ನು ತೆಗೆದಿಟ್ಟು, ಅಂಗಳದಲ್ಲಿ ಹಲಗೆಗಳನ್ನು ಬೇರೆ ಬೇರೆ ಓರೆಯಲ್ಲಿ ಇಟ್ಟು ಅಕ್ಕನನ್ನು ಹತ್ತಿಸಿ ಪರೀಕ್ಷಿಸಿದರು. ಅವರದು ಒಂದೇ ಪರೀಕ್ಷೆ: "ನಡುವೆ ನಿಲ್ಲು ಮಗಾ. ಉಸಿರು ತಗೋ. ಈಗ ಮತ್ತೆ ಹೊರಡು." ನಡುವೆ ನಿಂತು, ಹಿಂದಕ್ಕೆ ಉರುಳದೆ, ತನ್ನ ತೋಳಿನ ಬಲದಿಂದಲೇ ಮತ್ತೆ ಹೊರಡಲು ಆಗಬೇಕು. ಕೊನೆಗೆ ಅವರು ಹಿಡಿದ ಲೆಕ್ಕ ಒಂದಡಿ ಏರಿಕೆಗೆ ಹತ್ತಡಿ ಓಟ. ಅಕ್ಕನ ತೋಳು ಕೊಡತಿ ಹಿಡಿದವರ ತೋಳಿನಷ್ಟೇ ಗಟ್ಟಿಯಾಗಿತ್ತು, ಆದ್ದರಿಂದ ಅದು ನಡೆಯಿತು.

ಇಪ್ಪತ್ತಡಿ ನೇರ ಬಂದರೆ ತುಳಸಿಕಟ್ಟೆಗೆ ಬಡಿಯುತ್ತದೆ. ಅದಕ್ಕೆ ಹತ್ತಡಿ ಇಳಿಸಿ, ಐದಡಿ ಸಮತಟ್ಟು ಕೊಟ್ಟು, ಎಡಕ್ಕೆ ತಿರುಗಿಸಿ ಮತ್ತೆ ಹತ್ತಡಿ ಇಳಿಸಿದೆವು. ಆರಡಿ ಅಗಲದ ಮೆಟ್ಟಿಲಲ್ಲಿ ಅರ್ಧ ರ‍್ಯಾಂಪಿಗೆ, ಅರ್ಧ ನಡೆಯುವವರಿಗೆ. ಕಲ್ಲಿಗೆ ಒಂದು ಮೊಳೆಯನ್ನೂ ಬಡಿಯಲಿಲ್ಲ. ಮೆಟ್ಟಿಲುಗಳೇ ಮೆಟ್ಟಿಲಿನಾಕಾರಕ್ಕೆ ಕಚ್ಚು ಹಾಕಿದ ತೊಲೆಗಳನ್ನು ಹೊತ್ತವು. ಹೊಸ್ತಿಲು ಕತ್ತರಿಸಲು ಅಪ್ಪಯ್ಯ ಒಪ್ಪಲಿಲ್ಲ. ಅದರ ಒಳಗೂ ಹೊರಗೂ ಎರಡು ಚಿಕ್ಕ ಓರೆಹಲಗೆ ಮಾಡಿದರು. ಹಬ್ಬದ ಬೆಳಗ್ಗೆ ಅವನ್ನು ಎತ್ತಿ ಹೊಸ್ತಿಲು ಪೂಜೆ ಮಾಡಿ, ಮತ್ತೆ ಇಡುವುದು ನಮ್ಮ ಮನೆಯ ಕ್ರಮವಾಯಿತು. ಮನೆಯ ಮುಖ ಮುಚ್ಚಿದರೆ ಲಕ್ಷ್ಮಿ ಹೇಗೆ ಬರುತ್ತಾಳೆ ಎಂದು ಪಕ್ಕದ ಮನೆಯ ಹಿರಿಯರೊಬ್ಬರು ಕೇಳಿದರು. "ಮೊದಲು ಮನೆಯ ಲಕ್ಷ್ಮಿ ಹೊರಗೆ ಹೋಗಿ ಬರಲಿ" ಅಂದರು ಅಪ್ಪಯ್ಯ. ಅಕ್ಕ ಮೊದಲು ಹೋದದ್ದು ಬೀದಿ ಕೊನೆಯ ಅಂಗಡಿಗೆ. ನೀಲಿ ದಾರದಲ್ಲಿ ಎಷ್ಟು ಬಗೆ ಇದೆ ಎಂದು ಎಲ್ಲವನ್ನೂ ತೆಗೆಸಿ ನೋಡಿ, ತನಗೆ ಬೇಕಾದ್ದನ್ನು ತಂದಳು.

ನಾನು ಮುಂದೆ ಐಟಿಐಯಲ್ಲಿ ಬಡಗಿ ಕೆಲಸ ಕಲಿಸಲು ಸೇರಿದೆ. ಹುಡುಗರಿಗೆ ಕಟ್ಟಡದ ನಕ್ಷೆ ಓದಿಸುವಾಗ ರ‍್ಯಾಂಪ್ ಇದ್ದಲ್ಲೆಲ್ಲ 1:12 ಎಂದು ಬರೆದಿರುತ್ತಿತ್ತು. ಅಪ್ಪಯ್ಯನ ಹತ್ತಕ್ಕೂ ಈ ಹನ್ನೆರಡಕ್ಕೂ ಎಷ್ಟು ಹತ್ತಿರ! ಈ ಲೆಕ್ಕ ಯಾರದು ಎಂದು ಹುಡುಕಿಕೊಂಡು ಓದಿದೆ.

ಮೊದಲು ಬದಲಾದದ್ದು ಕುರ್ಚಿ. ಹಳೆಯ ಗಾಲಿಕುರ್ಚಿಗಳು ಭಾರಿ ಮರದವು, ಮನೆಯೊಳಗೇ ಉಳಿಯುವಂಥವು. ಗಣಿ ಅಪಘಾತದಲ್ಲಿ ಬೆನ್ನುಮೂಳೆ ಮುರಿದುಕೊಂಡಿದ್ದ ಹರ್ಬರ್ಟ್ ಎವರೆಸ್ಟ್ ಎಂಬ ಎಂಜಿನಿಯರ್, ಗೆಳೆಯ ಹ್ಯಾರಿ ಜೆನ್ನಿಂಗ್ಸ್ ಜೊತೆ ಸೇರಿ 1933ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಕತ್ತರಿ ಕಾಲಿನ, ಮಡಚಿ ಕಾರಿನಲ್ಲಿಡುವ ಕುರ್ಚಿ ಮಾಡಿದರು. ಅಕ್ಕನಿಗೆ ಸಿಕ್ಕಿದ್ದು ಅದೇ ವಂಶದ್ದು. ಕುರ್ಚಿ ಹೊರಗೆ ಹೊರಟ ಮೇಲೆ ಮೆಟ್ಟಿಲು ಎಷ್ಟು ದೊಡ್ಡ ಗೋಡೆ ಎಂದು ಕಾಣಿಸಿತು.

ಮುಂದೆ ಅಮೆರಿಕದ ಅಧ್ಯಕ್ಷರಾದ ಫ್ರಾಂಕ್ಲಿನ್ ರೂಸ್‌ವೆಲ್ಟ್ 1921ರ ಆಗಸ್ಟಿನಲ್ಲಿ, 39ನೇ ವಯಸ್ಸಿನಲ್ಲಿ ನಡೆಯುವ ಶಕ್ತಿ ಕಳೆದುಕೊಂಡರು. ಅಡುಗೆಮನೆಯ ಸಾದಾ ಮರದ ಕುರ್ಚಿಗೆ ಗಾಲಿ ಹಾಕಿಸಿಕೊಂಡು ಓಡಾಡುತ್ತಿದ್ದರು. ಹೈಡ್ ಪಾರ್ಕಿನ ಅವರ ಹುಟ್ಟುಮನೆಯಲ್ಲಿ ಕೋಣೆಯಿಂದ ಕೋಣೆಗೆ ಮೆಟ್ಟಿಲಿದ್ದ ಕಡೆ ಮರದ ರ‍್ಯಾಂಪ್ ಇಟ್ಟರು. ಮೇಲಂತಸ್ತಿಗೆ, ಪೆಟ್ಟಿಗೆ ಸಾಗಿಸಲು ಮಾಡಿದ್ದ ಲಿಫ್ಟಿನಲ್ಲಿ ಕೂತು ಹಗ್ಗವನ್ನು ತಾವೇ ಎಳೆದುಕೊಂಡು ಏರುತ್ತಿದ್ದರು. ದೇಶದ ಅಧ್ಯಕ್ಷರೇ ಆದರೂ ಸಾಮಾನಿನ ದಾರಿಯನ್ನೇ ಎರವಲು ಪಡೆಯಬೇಕಾಯಿತು ಎಂದು ಓದಿದಾಗ ನನಗೆ ಮತ್ತಿ ಹಲಗೆ ಕೇಳಿದ ಅಕ್ಕ ನೆನಪಾದಳು. 1938ರಲ್ಲಿ ಅವರು ತಮಗಾಗಿ ಒಂದು ಸಣ್ಣ ಮನೆ ಕಟ್ಟಿಸಲು ತೊಡಗಿದಾಗ ಅದಕ್ಕೆ ಮೆಟ್ಟಿಲೂ ಬೇಡ, ಹೊಸ್ತಿಲೂ ಬೇಡ ಎಂದು ನಕ್ಷೆಯಲ್ಲೇ ತೆಗೆಸಿದರು.

ಹನ್ನೆರಡರ ಲೆಕ್ಕ ನಿಂತದ್ದು ಇಲಿನಾಯ್ ವಿಶ್ವವಿದ್ಯಾಲಯದಲ್ಲಿ. ಎರಡನೇ ಮಹಾಯುದ್ಧದಿಂದ ಗಾಯಗೊಂಡು ಬಂದ ಸೈನಿಕರೂ ಪೋಲಿಯೊ ಬಂದ ಹುಡುಗರೂ ಓದಲು ಸೇರಿದಾಗ ಟಿಮೊಥಿ ನ್ಯೂಜೆಂಟ್ ಎಂಬವರು 1948ರಿಂದ ಅವರಿಗಾಗಿ ಒಂದು ಕಾರ್ಯಕ್ರಮ ನಡೆಸಿದರು. ಕ್ಯಾಂಪಸ್ಸಿನ ಕಟ್ಟಡಗಳಿಗೆ ರ‍್ಯಾಂಪ್ ಹಾಕಿಸಿ, ಎಷ್ಟು ಓರೆಯನ್ನು ಕುರ್ಚಿಯವರು ತಾವೇ ಹತ್ತಬಲ್ಲರು ಎಂದು ಪರೀಕ್ಷಿಸಿದರು. ಅವರ ಮುಂದಾಳತ್ವದಲ್ಲಿ 1961ರಲ್ಲಿ ಅಮೆರಿಕದ ಮೊದಲ ಮಾನದಂಡ ಹೊರಬಂತು. ಆರೇ ಪುಟದ ಪುಸ್ತಿಕೆ. ಒಂದಡಿಗೆ ಹನ್ನೆರಡು ಅಡಿ ಎಂಬುದು ಅದರಲ್ಲಿದೆ. ಅಕ್ಕನಂಥ ಗಟ್ಟಿ ತೋಳಿನವರ ಜೊತೆಗೆ ಬಲ ಕಡಿಮೆ ಇರುವವರನ್ನೂ ಲೆಕ್ಕಕ್ಕೆ ಹಿಡಿಯುವುದರಿಂದ ಹನ್ನೆರಡು ಹತ್ತಕ್ಕಿಂತ ಒಳ್ಳೆಯದು. ವಯಸ್ಸಾದವರ ಮನೆಗೆ ನಾನು ಹದಿನಾಲ್ಕನ್ನೂ ಕೊಟ್ಟಿದ್ದೇನೆ.

ನಮ್ಮ ಪೇಟೆಗಳಲ್ಲಿ ಮೆಟ್ಟಿಲ ಮೇಲೆ ಇಳಿಜಾರು ಸಾಮಾನ್ಯವಾದದ್ದು ಸ್ಕೂಟರಿನಿಂದ. ರಾತ್ರಿ ಸ್ಕೂಟರನ್ನು ಒಳಗೆ ನಿಲ್ಲಿಸಲು ಮೆಟ್ಟಿಲ ನಡುವೆ ಒಂದು ಗೇಣು ಅಗಲದ ಸಿಮೆಂಟಿನ ಪಟ್ಟಿ, ಇಲ್ಲವೇ ಚರಂಡಿ ದಾಟುವ ಹಲಗೆ. ಸಾಗರ, ಶಿವಮೊಗ್ಗ, ಮೈಸೂರು, ಬೆಂಗಳೂರಿನ ಹಳೆ ಬೀದಿಗಳಲ್ಲಿ ಈಗಲೂ ಇವೆ. ಒಳಗೆ ಹಾಸಿಗೆ ಹಿಡಿದ ಅಜ್ಜಿ, ಹೊರಗೆ ಸ್ಕೂಟರಿಗೆ ಇಳಿಜಾರು: ಎಷ್ಟೋ ಮನೆಗಳಲ್ಲಿ ಇದನ್ನು ನೋಡಿ ನನಗೆ ಸಂಕಟವಾಗಿದೆ.

2001ರ ಜನವರಿಯಲ್ಲಿ ಸ್ಟೀಫನ್ ಹಾಕಿಂಗ್ ಭಾರತಕ್ಕೆ ಬಂದರು. ದೆಹಲಿಯ ಸ್ಮಾರಕಗಳನ್ನು ನೋಡಬೇಕೆಂದರು. ಅಂಗವಿಕಲರ ಹಕ್ಕಿಗಾಗಿ ದುಡಿಯುತ್ತಿದ್ದ ಜಾವೇದ್ ಆಬಿದಿ ಪಟ್ಟು ಹಿಡಿದ ಮೇಲೆ ಕೆಂಪುಕೋಟೆ, ಕುತುಬ್ ಮಿನಾರ್, ಹುಮಾಯೂನ್ ಸಮಾಧಿ, ಜಂತರ್ ಮಂತರ್ ಈ ನಾಲ್ಕು ಕಡೆ ತಾತ್ಕಾಲಿಕ ಮರದ ರ‍್ಯಾಂಪ್ ಹಾಕಿದರು. ಸಾರ್ವಜನಿಕ ಕಟ್ಟಡಗಳಿಗೆ ರ‍್ಯಾಂಪ್ ಇರಬೇಕೆಂದು 1995ರ ಕಾಯ್ದೆಯಲ್ಲೇ ಇತ್ತು. ಆದರೂ ನೂರಾರು ವರ್ಷದ ಕಲ್ಲಿನ ಮೆಟ್ಟಿಲ ಮೇಲೆ ಹಲಗೆ ಬರಲು ಜಗದ್ವಿಖ್ಯಾತ ವಿಜ್ಞಾನಿಯೊಬ್ಬರೇ ಬರಬೇಕಾಯಿತು. ಆ ಸುದ್ದಿ ಓದಿದ ದಿನ ನಾನು ತರಗತಿಯಲ್ಲಿ ಬೇರೆ ಪಾಠ ಬಿಟ್ಟು, ಹುಡುಗರಿಂದ ಮೂರು ಮೆಟ್ಟಿಲಿನ ರ‍್ಯಾಂಪಿನ ನಕ್ಷೆ ಬರೆಸಿದೆ. 2016ರಲ್ಲಿ ಬಂದ ಹೊಸ ಕಾಯ್ದೆ ಇನ್ನೂ ಬಲವಾದದ್ದು. ಆದರೂ ನಾವಿರುವ ಹಳೆಯ ಮನೆಯ ಜಗಲಿಗೆ ಯಾವ ಕಾಯ್ದೆಯೂ ಬಂದು ಹಲಗೆ ಇಡುವುದಿಲ್ಲ. ಅದು ಮನೆಯವರ ಮನಸ್ಸು ಮತ್ತು ಬಡಗಿಯ ಕೆಲಸ.

ನಿವೃತ್ತಿಯ ನಂತರ ನಾನು ಹೆಚ್ಚಾಗಿ ಮಾಡುತ್ತಿರುವುದು ಈ ಕೆಲಸವನ್ನೇ. ಸೊಂಟ ಮುರಿದುಕೊಂಡವರು, ಪಾರ್ಶ್ವವಾಯು ಬಡಿದವರು ಆಸ್ಪತ್ರೆಯಿಂದ ಬರುವ ಹಿಂದಿನ ದಿನ ಮಗನೋ ಸೊಸೆಯೋ ಫೋನ್ ಮಾಡುತ್ತಾರೆ: "ಮಾವನ್ನ ನಾಳೆ ಕರ್ಕೊಂಡು ಬರ್ತಾ ಇದೀವಿ, ಎರಡು ತಿಂಗಳಿಗೆ ಸಾಕು." ಮೊದಲು ಟೇಪು ಹಿಡಿದು ಏರಿಕೆ ಅಳೆಯುತ್ತೇನೆ. ಆರಿಂಚಿನ ಮೂರು ಮೆಟ್ಟಿಲಾದರೆ ಹದಿನೆಂಟು ಇಂಚು, ಅಂದರೆ ಹದಿನೆಂಟಡಿ ಓಟ. ಇಷ್ಟುದ್ದ ಕೇಳಿ ಮನೆಯವರು ಗಾಬರಿಯಾಗುತ್ತಾರೆ, ಅರ್ಧ ಮಾಡಿ ಎನ್ನುತ್ತಾರೆ. ಅರ್ಧ ಮಾಡಿದರೆ ಅದು ಸ್ಕೂಟರಿನ ಇಳಿಜಾರು. ಒಪ್ಪಿಸಲು ನಾನು ಕುರ್ಚಿಯಲ್ಲಿ ಮಗನನ್ನೇ ಕೂರಿಸಿ ಎರಡು ಓರೆಯಲ್ಲೂ ತೋರಿಸುತ್ತೇನೆ.

ತೊಲೆಗೆ ಮತ್ತಿ ಈಗ ದುಬಾರಿ. ಚೆನ್ನಾಗಿ ಒಣಗಿದ ಅಕೇಶಿಯಾ ಸಾಕು. ಅಗಲ ಮೂರಡಿಗೆ ಕಡಿಮೆ ಬೇಡ. ಹಲಗೆಗಳನ್ನು ಓಟಕ್ಕೆ ಅಡ್ಡಲಾಗಿ ಹಾಸಿ, ನಡುವೆ ಕಾಲಿಂಚು ಸಂದು ಬಿಡಬೇಕು, ನೀರು ಇಳಿದುಹೋಗುತ್ತದೆ. ಉದ್ದಕ್ಕೆ ಹಾಸಿದರೆ ಆ ಸಂದಿನಲ್ಲಿ ಮುಂದಿನ ಸಣ್ಣ ಗಾಲಿ ಸಿಕ್ಕಿಬೀಳುತ್ತದೆ. ಎರಡೂ ಅಂಚಿಗೆ ಎರಡಿಂಚಿನ ರೀಪು, ಗಾಲಿ ಜಾರಿ ಹೊರಗೆ ಹೋಗದಂತೆ. ಹಿಡಿಕೆ ಎರಡೂ ಕಡೆ ಬೇಕು, ಯಾಕೆಂದರೆ ಕೆಲವೇ ವಾರದಲ್ಲಿ ಅವರು ಕುರ್ಚಿ ಬಿಟ್ಟು ನಡೆಯಲು ಕಲಿಯುವುದೂ ಇದರ ಮೇಲೆಯೇ. ಕೆಳಗಿನ ತುದಿ ಮಣ್ಣಿಗೆ ತಾಗಬಾರದು, ಒಂದು ಚಪ್ಪಡಿ ಕಲ್ಲಿನ ಮೇಲೆ ಕೂರಬೇಕು. ಮಣ್ಣಿಗೆ ತಾಗಿದ ಮರವನ್ನು ಗೆದ್ದಲು ಬಿಡುವುದಿಲ್ಲ. ಎಲ್ಲ ಕಡೆ ಮೊಳೆಯ ಬದಲು ಬೋಲ್ಟು ಹಾಕುತ್ತೇನೆ. ಒಂದು ಮನೆಯಲ್ಲಿ ಕೆಲಸ ಮುಗಿದರೆ ಬಿಚ್ಚಿ ಇನ್ನೊಂದು ಮನೆಗೆ ಕೊಡಬಹುದು, ಹಾಗೆ ಕೊಟ್ಟವೂ ಇವೆ. ಹೆಚ್ಚಿನವರು ಬಿಚ್ಚಲು ಕರೆಯುವುದಿಲ್ಲ. ಗ್ಯಾಸ್ ಸಿಲಿಂಡರ್ ಅದರ ಮೇಲೆ ಉರುಳಿ ಬರುತ್ತದೆ, ಮೊಮ್ಮಗುವಿನ ಗಾಡಿ ಬರುತ್ತದೆ, ಮಂಡಿ ನೋವಿನ ಅತ್ತೆ ಮೆಟ್ಟಿಲು ಬಿಟ್ಟು ಇದನ್ನೇ ಹಿಡಿಯುತ್ತಾರೆ.

ಮಲೆನಾಡಿನಲ್ಲಿ ಇದರ ದೊಡ್ಡ ಶತ್ರು ಪಾಚಿ. ಬಿಸಿಲು ಕಾಲದಲ್ಲಿ ಚೆನ್ನಾಗಿದ್ದ ಹಲಗೆ ಎರಡು ವಾರದ ಮಳೆಗೆ ಸಾಬೂನಿನಂತಾಗುತ್ತದೆ. ಮೇ ತಿಂಗಳಲ್ಲಿ ಹಲಗೆ ಉಜ್ಜಿ ತೊಳೆದು ಒಣಗಿಸಿ, ಸಣ್ಣ ಮರಳು ಬೆರೆಸಿದ ಬಣ್ಣ ಹೊಡೆದು, ಮೇಲೆ ಕೋಳಿ ಬಲೆ ಬಿಗಿದು, ಅದರ ಅಂಚು ಕಾಲಿಗೆ ಚುಚ್ಚದಂತೆ ಒಳಗೆ ಮಡಚಿ ರೀಪಿನ ಕೆಳಗೆ ಸೇರಿಸಬೇಕು. ಬೋಲ್ಟುಗಳನ್ನೆಲ್ಲ ಒಮ್ಮೆ ಸ್ಪ್ಯಾನರ್ ಹಾಕಿ ಬಿಗಿಯಬೇಕು. ಮರ ಒಣಗಿ ಕುಗ್ಗಿ ಅವು ಸಡಿಲಾಗಿರುತ್ತವೆ.