ಮನಿಯಾರ್ಡರಿನಲ್ಲಿ ತಪ್ಪೊಪ್ಪಿಗೆ

ಗಾಡಿ ಕೇಸಿಗೆ ಕೋರ್ಟಿಗೇ ಹೋಗಬೇಕಾ? 1914ರಲ್ಲಿ ಇಡೀ ಬ್ರಿಟಿಷ್ ಇಂಡಿಯಾಕ್ಕೆ ಮೋಟಾರು ಕಾಯ್ದೆ ಬಂತು. ಕೊಡಗು 1834ರಿಂದಲೇ ಅವರ ಕೈಯಲ್ಲಿತ್ತು. (ಕೊನೆಯ ಅರಸ ಚಿಕ್ಕವೀರರಾಜ ಅಡಗಿದ್ದು ನಮ್ಮ ಕಕ್ಕಬೆಯ ನಾಲ್ಕುನಾಡು ಅರಮನೆಯಲ್ಲಿ, ಆ ಕಥೆ ಇನ್ನೊಮ್ಮೆ!) 1939ರ ಕಾಯ್ದೆಯಲ್ಲಿ ಒಂದು ಒಳ್ಳೆಯ ಅನುಕೂಲ ಸೇರಿತು: ಸಣ್ಣ ತಪ್ಪಾದರೆ ರಿಜಿಸ್ಟರ್ಡ್ ಪತ್ರದಲ್ಲಿ ಒಪ್ಪಿಕೊಂಡು, ಕೋರ್ಟು ಹೇಳಿದಷ್ಟು ಹಣ ಕಳಿಸಿದರೆ ಮುಗೀತು. 1988ರ ಕಾಯ್ದೆಯ 208ನೇ ಕಲಂ ಮನಿಯಾರ್ಡರ್ ಅಂತಲೇ ಹೇಳುತ್ತದೆ. ಈ ದಾರಿ ಇದೆಯೆಂದು ಸಮನ್ಸಿನಲ್ಲೇ ಬರೆಯಬೇಕು ಕೂಡ.

ಹೋದ ವರ್ಷ ಊರಿನ ಬಾಡಿಗೆ ಜೀಪಿನ ಅಣ್ಣನ ಜೊತೆ ಮೊದಲ ಸಲ ಇಂಥ ಕೇಸಿಗೆ ಕೋರ್ಟಿಗೆ ಹೋಗಿದ್ದೆ. ಅವರ ಸಮನ್ಸಿನಲ್ಲಿ ಅಂಚೆಯ ಸುದ್ದಿಯೇ ಇಲ್ಲ! ಗುಮಾಸ್ತರೊಬ್ಬರನ್ನು ಕೇಳಿದರೆ "ಅದೆಲ್ಲ ಯಾರು ಮಾಡ್ತಾರೆ ಸಾರ್" ಅಂದರು. ಅಣ್ಣನಿಗೆ ದಂಡಕ್ಕಿಂತ ಆ ದಿನದ ಬಾಡಿಗೆ ಹೋದದ್ದೇ ಹೆಚ್ಚು ನಷ್ಟ.

ಅದೇ ಕಾಯ್ದೆಯ 200ನೇ ಕಲಂ ಪ್ರಕಾರ ಹಲವು ತಪ್ಪುಗಳನ್ನು ಅಧಿಕಾರಿಯೇ ಹಣ ಕಟ್ಟಿಸಿಕೊಂಡು ಮುಗಿಸಬಹುದು. ಕುಡಿದು ಓಡಿಸಿದ್ದಕ್ಕೆ ಆಗಲ್ಲ, ಅದು ಸರಿಯೇ. 2023ರ ಫೆಬ್ರುವರಿಯಲ್ಲಿ ಬಾಕಿ ದಂಡಕ್ಕೆ ಅರ್ಧ ರಿಯಾಯಿತಿ ಬಂದಾಗ ಬೆಂಗಳೂರಿನ ಜನ ಮುಗಿಬಿದ್ದರು. ಎಷ್ಟೋ ಮಂದಿ ಮೊಬೈಲಿನಲ್ಲೇ ಕಟ್ಟಿದರು, ಕೋರ್ಟಿನ ಬಾಗಿಲೂ ನೋಡದೆ.