ಅಂಕಿತದೊಳಗಣ ಒಲವು

ಮೊರಬವೇ ಮೊದಲಾದ ಧಾರವಾಡ ಸೀಮೆಯ ಊರುಗಳ ಮದುವೆಗಳಲ್ಲಿ ಒಡಪು ಹೇಳಿಸುವ ರೂಢಿ ಹಳೆಯದು. ಗಂಡನ ಹೆಸರನ್ನು ನೇರವಾಗಿ ನುಡಿಯದ ವಧು ಅದನ್ನು ಪ್ರಾಸದ ಮಾತಿನಲ್ಲಿ ಹುದುಗಿಸಿ ಹೇಳುತ್ತಾಳೆ. ವರನೂ ಆಕೆಯ ಹೆಸರನ್ನು ಹಾಗೆಯೇ ಹೇಳಬೇಕಾಗುತ್ತದೆ. ಹೀಬ್ರೂ ಭಾಷೆಯ ಪರಮಗೀತದಲ್ಲಿಯೂ ವಧೂವರರು ಒಬ್ಬರ ಚೆಲುವನ್ನೊಬ್ಬರು ಕೊಂಡಾಡುತ್ತಾರೆ. 12ನೆಯ ಶತಮಾನದ ಶರಣರ ವಚನಗಳಲ್ಲಾದರೋ ಕೊಂಡಾಡುವ ದನಿ ವಧುವಿನದು. ವರನಾದ ಲಿಂಗದೇವನು ಮೌನಿ.

ಉಡುತಡಿಯ ಮಹಾದೇವಿಯಕ್ಕನು ಚೆನ್ನಮಲ್ಲಿಕಾರ್ಜುನನ ಕೆಂಜೆಡೆ, ಮುಕುಟ, ನಗೆಮೊಗಗಳನ್ನು ಕಣ್ಣಿಗೆ ಕಟ್ಟುವಂತೆ ಬಣ್ಣಿಸಿ, ರತ್ನ ಹವಳಗಳ ಚಪ್ಪರದಡಿ ನಡೆದ ತನ್ನ ಮದುವೆಯನ್ನೂ ಹೇಳಿಕೊಳ್ಳುತ್ತಾಳೆ. ಬೇರೊಂದೆಡೆ ಆ ವರನಿಗೆ ರೂಪವೇ ಇಲ್ಲವೆನ್ನುತ್ತಾಳೆ. ಗಜೇಶ ಮಸಣಯ್ಯ, ಉರಿಲಿಂಗದೇವ ಎಂಬ ಪುರುಷ ವಚನಕಾರರೂ ಶರಣಸತಿ-ಲಿಂಗಪತಿ ಭಾವದಲ್ಲಿ ವಧುವಿನ ನುಡಿಯನ್ನೇ ತಳೆದರು.

ಹಾಗಾದರೆ ಒಂದೇ ಮನೆಯಲ್ಲಿ ಬಾಳುವ ಸತಿಪತಿಗಳ ಒಲವಿಗೆ ವಚನಗಳಲ್ಲಿ ಎಡೆಯಿಲ್ಲವೇ? ವಿದ್ಯಾರ್ಥಿಗಳು ಎತ್ತತಕ್ಕ ಪ್ರಶ್ನೆಯೇ ಇದು. ಆಯ್ದಕ್ಕಿ ಲಕ್ಕಮ್ಮನು ಪತಿಯ ರೂಪವನ್ನು ಹೊಗಳುವವಳಲ್ಲ. ಎಂದಿನ ಅಳತೆ ಮೀರಿ ಅಕ್ಕಿಯನ್ನು ಆಯ್ದು ತಂದ ಮಾರಯ್ಯನನ್ನು ಗದರಿ, ಮರಳಿ ಅಲ್ಲಿಯೇ ಸುರಿದು ಬರಹೇಳಿದ ದಿಟ್ಟೆ ಆಕೆ. ಆದರೆ ಆಕೆಯ ಅಂಕಿತವನ್ನು ನೋಡಬೇಕು: ‘ಮಾರಯ್ಯಪ್ರಿಯ ಅಮರೇಶ್ವರಲಿಂಗ’. ಅಮರೇಶ್ವರನಿಗೆ ಬೇರೆ ವಿಶೇಷಣಗಳು ದೊರೆಯುತ್ತಿರಲಿಲ್ಲವೆಂದಲ್ಲ. ಮಾರಯ್ಯನಿಗೆ ಪ್ರಿಯನಾದವನೆಂಬ ಗುರುತೇ ಆಕೆಗೆ ಸಾಕಾಯಿತು. ಗದರಿದ ವಚನದ ಕೊನೆಯಲ್ಲಿಯೂ ಪತಿಯ ಹೆಸರು ಪ್ರಿಯಶಬ್ದದೊಡನೆಯೇ ಬರುತ್ತದೆ. ಮೋಳಿಗೆಯ ಮಾರಯ್ಯನ ಅಂಕಿತ ‘ನಿಃಕಳಂಕ ಮಲ್ಲಿಕಾರ್ಜುನ’. ಆತನ ಸತಿ ಮಹಾದೇವಿಯದು ‘ಎನ್ನಯ್ಯಪ್ರಿಯ ಇಮ್ಮಡಿ ನಿಃಕಳಂಕ ಮಲ್ಲಿಕಾರ್ಜುನ’. ಪತಿಯ ದೈವವನ್ನು ಕೈಕೊಂಡು ‘ಇಮ್ಮಡಿ’ ಎಂದು ಹೆಚ್ಚಿಸಿದ ಈ ನುಡಿಯಲ್ಲಿ ವಿನಯವೆಷ್ಟೋ ಬಿಂಕವೂ ಅಷ್ಟೇ ಇದೆ.

1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಪ್ರಕಟಿಸಿದ ವಿಜಾಪುರದ ಫ. ಗು. ಹಳಕಟ್ಟಿಯವರ ಕಾಲದಿಂದಲೂ ಅಂಕಿತವು ವಚನಕಾರರನ್ನು ಬೇರ್ಪಡಿಸುವ ಸಾಧನವಾಗಿ ಬಳಕೆಯಾಗಿದೆ. ಅದು ಅವಶ್ಯವೇ. ಆದರೆ ಗುರುತಿನ ಚೀಟಿಯಂತೆ ಓದಿ ಬಿಟ್ಟುದರಿಂದ ಅದರ ಅರ್ಥದ ಕಡೆಗೆ ಲಕ್ಷ್ಯ ಕಡಿಮೆಯಾಯಿತು.

ಗಜೇಶ ಮಸಣಯ್ಯನ ಮನೆಯ ಸಂಗತಿ ಇನ್ನೂ ಸೋಜಿಗದ್ದು. ಆತನು ತಾನೇ ವಧುವಾಗಿ ಗಜೇಶ್ವರನನ್ನು ಹಂಬಲಿಸಿದನು. ಆತನ ಮಡದಿಯೂ ವಚನಕಾರ್ತಿ. ಆಕೆಯ ಸ್ವಂತ ಹೆಸರು ಉಳಿದು ಬಂದಿಲ್ಲ. ‘ಗಜೇಶ ಮಸಣಯ್ಯಗಳ ಪುಣ್ಯಸ್ತ್ರೀ’ ಎಂದಷ್ಟೇ ದಾಖಲೆ. ಆಕೆಯ ಅಂಕಿತ ‘ಮಸಣಯ್ಯಪ್ರಿಯ ಗಜೇಶ್ವರ’.