ಹೊಳೆ ದಾಟಿಸಿದ ಇಬ್ಬರು

ಮುಂದಾಳುತನದ ಮೇಲೆ ಪ್ರಬಂಧ ಬರೆಯಿರೆಂದರೆ ನನ್ನ ವಿದ್ಯಾರ್ಥಿಗಳು ಕುದುರೆ, ಕತ್ತಿ, ಭಾಷಣ ಈ ಮೂರರಲ್ಲೊಂದನ್ನು ತಪ್ಪದೆ ತರುತ್ತಾರೆ. ಆಗ ನಾನು ಯಳಂದೂರು, ಶಿವನಸಮುದ್ರಗಳ ಮಾತೆತ್ತುತ್ತೇನೆ. ನೆರೆಹೊರೆಯ ಈ ಎರಡೂ ಊರುಗಳು ಒಂದು ಕಾಲಕ್ಕೆ ಜಹಗೀರಿಗಳಾಗಿದ್ದವು. ಅವನ್ನು ಪಡೆದ ಇಬ್ಬರೂ ಕಾವೇರಿಗೆ ಸೇತುವೆ ಕಟ್ಟಿಸಿದವರೆಂಬುದು ಗಮನಿಸತಕ್ಕ ಸಂಗತಿ.

ಮೊದಲನೆಯವರು ಪೂರ್ಣಯ್ಯ. 1782ರ ಡಿಸೆಂಬರಿನಲ್ಲಿ ಚಿತ್ತೂರಿನ ಬಳಿಯ ಪಾಳೆಯದಲ್ಲಿ ಹೈದರಾಲಿ ತೀರಿಕೊಂಡಾಗ ಟಿಪ್ಪು ದೂರದ ಮಲಬಾರಿನ ಕಡೆ ಇದ್ದ. ಸುದ್ದಿ ಹಬ್ಬಿದರೆ ದಂಡು ಚೆದುರುವ ಭಯ. ಪೂರ್ಣಯ್ಯನವರೂ ಕೃಷ್ಣರಾಯರೂ ಸಾವನ್ನು ಗುಟ್ಟಾಗಿಟ್ಟು, ಟಿಪ್ಪು ಬಂದು ಸೇರುವ ತನಕ ದಂಡನ್ನು ಹಿಡಿದು ನಿಲ್ಲಿಸಿದರು. ಆ ದಿನಗಳಲ್ಲಿ ಅವರನ್ನು ನಡೆಸಿದುದು ಶೌರ್ಯವಲ್ಲ, ಮುಂದೇನಾಗಬೇಕೆಂಬ ಸ್ಪಷ್ಟವಾದ ಅರಿವು.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ, ಐದು ವರ್ಷದ ಮುಮ್ಮಡಿ ಕೃಷ್ಣರಾಜ ಒಡೆಯರ ಪರವಾಗಿ ಅವರೇ ದಿವಾನರಾಗಿ ರಾಜ್ಯ ನಡೆಸಿದರು. ಸೋತ ದೊರೆಯ ಮಂತ್ರಿ ಗೆದ್ದವರ ದಿವಾನರಾದರೆಂಬ ಆಕ್ಷೇಪಣೆಯುಂಟು. ಅದನ್ನು ಸುಲಭವಾಗಿ ತಳ್ಳಿಹಾಕಲಾಗದು. ಆದರೆ ಯುದ್ಧದಿಂದ ನೊಂದ ನಾಡಿನಲ್ಲಿ ಅವರು ಕೆರೆಕಾಲುವೆಗಳನ್ನು ದುರಸ್ತಿ ಮಾಡಿಸಿದರು. 1804ರಲ್ಲಿ ಶ್ರೀರಂಗಪಟ್ಟಣದ ಬಳಿ ಕಲ್ಲುಕಂಬಗಳ ಸೇತುವೆ ಮುಗಿಸಿದರು. 1807ರಲ್ಲಿ ಯಳಂದೂರು ಅವರಿಗೆ ಜಹಗೀರಿಯಾಗಿ ಬಂದಿತು.

ಎರಡನೆಯವರು ರಾಮಸ್ವಾಮಿ ಮೊದಲಿಯಾರರು. ಇವರಿಗೆ ದಿವಾನಗಿರಿಯೂ ಇಲ್ಲ, ದಂಡೂ ಇಲ್ಲ. ಮೈಸೂರಿನ ರೆಸಿಡೆಂಟರ ಕೈಕೆಳಗಿನ ನೌಕರರು. ಶಿವನಸಮುದ್ರದ ದ್ವೀಪದಲ್ಲಿ ಗಂಗರಾಜನೆಂಬವನು ಕಟ್ಟಿದನೆನ್ನಲಾದ ಪಟ್ಟಣ ಹಾಳಾಗಿ ಕಾಡು ಬೆಳೆದಿತ್ತು. ಹಳೆಯ ಸೇತುವೆಗಳು ಮುರಿದುಬಿದ್ದಿದ್ದವು. ಅವನ್ನು ಮತ್ತೆ ಎಬ್ಬಿಸಬೇಕೆಂದು ಮೊದಲಿಯಾರರು ಹಟ ತೊಟ್ಟು ಹಲವು ವರ್ಷಗಳನ್ನೂ ಕೈಯ ಹಣವನ್ನೂ ಸುರಿದರು. 1830ರ ಸುಮಾರಿಗೆ ಹೊಳೆಯ ಬಂಡೆಯ ಮೇಲೆ ಕಂಬಗಳು ನಿಂತವು. ಆಮೇಲೆ ಸರ್ಕಾರದ ಬಿರುದೂ ಗ್ರಾಮಗಳೂ ಬಂದವು. ಅಪ್ಪಣೆ ಮಾಡುವ ಅಧಿಕಾರವಿಲ್ಲದವನು ಜನರನ್ನು ಒಂದು ಕೆಲಸದ ಹಿಂದೆ ನಡೆಸಬೇಕಾದರೆ, ಮೊದಲು ತಾನೇ ಅದಕ್ಕೆ ತೆತ್ತುಕೊಳ್ಳಬೇಕಾಗುತ್ತದೆ.

ಪೂರ್ಣಯ್ಯನವರ ವಿಷಯದಲ್ಲಿ ಒಂದು ಕೊರತೆ ನನ್ನನ್ನು ಕಾಡುತ್ತದೆ. 1811ರಲ್ಲಿ ಅಧಿಕಾರ ಬಿಟ್ಟುಕೊಟ್ಟಾಗ ಅವರು ತುಂಬಿದ ಬೊಕ್ಕಸವನ್ನು ಬಿಟ್ಟುಹೋದರು. ಆದರೆ ಆಳುವ ಕೆಲಸದಲ್ಲಿ ತರುಣ ದೊರೆಯ ಕೈ ಪಳಗಿರಲಿಲ್ಲ. ಬೊಕ್ಕಸ ಬರಿದಾಯಿತು, 1831ರಲ್ಲಿ ಆಡಳಿತ ಇಂಗ್ಲಿಷರ ಕೈಸೇರಿತು. ಗುರಿಯನ್ನು ತಾನೊಬ್ಬನೇ ಬಲ್ಲವನು ಎಷ್ಟೇ ಸಮರ್ಥನಾದರೂ, ಅವನ ಬೆನ್ನ ಹಿಂದೆ ದಾರಿ ಮುಚ್ಚಿಹೋಗುತ್ತದೆ. ಆ ಹೊಣೆಯನ್ನು ಅವರ ಮೇಲೊಬ್ಬರ ಮೇಲೆಯೇ ಹೊರಿಸುವುದು ನ್ಯಾಯವಲ್ಲವಾದರೂ, ಹನ್ನೆರಡು ವರ್ಷ ಕೈಯಲ್ಲಿದ್ದ ಶಿಷ್ಯನನ್ನು ಮರೆತು ಅವರ ಲೆಕ್ಕ ಮುಗಿಸಲಾಗದು.

2018ರ ಪ್ರವಾಹದಲ್ಲಿ ಶಿವನಸಮುದ್ರದ ಹಳೆಯ ಸೇತುವೆಯ ಒಂದು ಭಾಗ ಕೊಚ್ಚಿಹೋಯಿತು. ಅಷ್ಟರಲ್ಲಿ ಅದರ ಪಕ್ಕದಲ್ಲೇ ಹೊಸ ಸೇತುವೆ ಬಂದಿತ್ತು. ಮಳವಳ್ಳಿಯ ಕಡೆಯಿಂದ ಕೊಳ್ಳೇಗಾಲ, ಹನೂರು ಹಾದು ಮಾದಪ್ಪನ ಬೆಟ್ಟಕ್ಕೆ ಹೋಗುವ ಪರಸೆಯವರು ಈಗಲೂ ಅಲ್ಲಿಯೇ ಕಾವೇರಿಯನ್ನು ದಾಟುತ್ತಾರೆ. ಅವರಲ್ಲಿ ಮೊದಲಿಯಾರರ ಹೆಸರು ಕೇಳಿದವರು ಅಪರೂಪ.